ಓರಿನ್ ಟಲ್ಲಿಸ್ ಅಂಗಡಿಯ ಕೆಟ್ಟ ಕನ್ನಡಕ

ಪ್ಲಮ್ ಫೋರ್ಡಿನ ಅಂಗಡಿಕಾರ ಓರಿನ್ ಟಲ್ಲಿಸನ ಬೆರಳುಗಳಿಗೆ ಕಣ್ಣಿದೆ ಎಂದರೆ ಹೊಸಬರು ನಗುತ್ತಿದ್ದರು. ನಗಲಿ, ನಮಗೇನು? ನೆಬ್ರಾಸ್ಕಾದ ಆ ಹುಲ್ಲುಗಾವಲಿನಲ್ಲಿ ಮೂರು ದಿನ ಬಂಡಿ ಹೊಡೆದರೂ ಇನ್ನೊಂದು ಅಂಗಡಿ ಸಿಗದಿದ್ದ ಕಾಲ ಅದು. ನಗುತ್ತ ಒಳಗೆ ಹೋದವರು ಸ್ವಲ್ಪ ಹೊತ್ತಿಗೆಲ್ಲ ನಗು ಮರೆತು ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದರು.

ಬಾಗಿಲು ದಾಟಿದರೆ ಮೊದಲು ಮೂಗು ತುಂಬುತ್ತಿತ್ತು. ಹಸಿ ಕಾಫಿಬೀಜ, ಸೀಮೆಎಣ್ಣೆ, ಹೊಸ ತೊಗಲು, ಉಪ್ಪು ಹಾಕಿದ ಹಂದಿಮಾಂಸ, ತಂಬಾಕು, ಪೀಪಾಯಿಯಿಂದ ತೊಟ್ಟಿಕ್ಕುವ ಕಾಕಂಬಿ. ಆಮೇಲೆ ಕಣ್ಣಿಗೆ ಕೆಲಸ. ತೊಲೆಯಿಂದ ಇಳಿಬಿದ್ದ ಬೂಟುಗಳು, ಬಕೆಟ್ಟುಗಳು, ಕುದುರೆಯ ಕೊರಳಪಟ್ಟಿಗಳು. ನೆಲದ ಮೇಲೆ ನೇಗಿಲ ಗುಳ, ಮೊಳೆಯ ಪೀಪಾಯಿ, ಒಣಸೇಬಿನ ಚೀಲ. ಗೋಡೆಗೆ ಹೂವಿನ ಚೀಟಿಬಟ್ಟೆಯ ಸುರುಳಿಗಳು, ಲಾಂದ್ರದ ಗಾಜುಗಳು, ಹೊಟ್ಟೆನೋವಿಗೂ ಕುದುರೆಯ ಕೆಮ್ಮಿಗೂ ಒಂದೇ ಸೀಸೆಯಲ್ಲಿ ಬರುವ ಔಷಧಿ. ತೀರ ಮೇಲಿನ ಹಲಗೆಯಲ್ಲಿ, ಯಾರೂ ಕತ್ತೆತ್ತಿ ನೋಡಲು ಇಷ್ಟಪಡದ ಕಡೆ, ಶವಪೆಟ್ಟಿಗೆಯ ಹಿಡಿಕೆಗಳು. ಮಣ್ಣಿನ ಹೆಂಟೆಯಿಂದ ಕಟ್ಟಿದ ಗುಡಿಸಲುಗಳಲ್ಲಿ ಗಾಳಿಯನ್ನೇ ಕೇಳಿಕೊಂಡು ಇದ್ದ ಹೆಂಗಸರು ವರ್ಷಕ್ಕೆ ಎರಡು ಸಲ ಅಲ್ಲಿಗೆ ಬಂದು, ಏನನ್ನೂ ಮುಟ್ಟದೆ, ಸುಮ್ಮನೆ ನಿಂತು ಕಣ್ಣು ತುಂಬಿಸಿಕೊಳ್ಳುತ್ತಿದ್ದರು.

ಇಷ್ಟರ ನಡುವೆ ಓರಿನ್. ನಲವತ್ತಕ್ಕೆ ಒಂದು ಕಡಿಮೆ, ಎತ್ತರದ ಆಳು, ಸದಾ ತಲೆ ತಗ್ಗಿಸಿಕೊಂಡೇ ಇರುವವನು. ನೀವು ಮೊಳೆ ಕೇಳಿದರೆ ನಿಮ್ಮನ್ನೂ ನೋಡುತ್ತಿರಲಿಲ್ಲ, ಪೀಪಾಯಿಯನ್ನೂ ನೋಡುತ್ತಿರಲಿಲ್ಲ. ಕೈ ಹಾಕಿ ಎತ್ತಿದರೆ ಎರಡೂವರೆ ಅಂಗುಲದ ಮೊಳೆ ಇಪ್ಪತ್ತು. ಎಣಿಸಿ ಬೇಕಾದರೆ, ಇಪ್ಪತ್ತೇ. ಬಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ, "ಇದು ಬೇಡ ಕಣಮ್ಮಾ, ಮೂರನೇ ಒಗೆತಕ್ಕೆ ಬಣ್ಣ ಬಿಡುತ್ತೆ" ಎನ್ನುತ್ತಿದ್ದ. ಮೊಟ್ಟೆಯನ್ನು ಅಂಗೈಯಲ್ಲಿ ತೂಗಿ ಅದು ಯಾವ ವಾರದ್ದೆಂದು ಹೇಳುತ್ತಿದ್ದ. ಜನ ಬೇಕೆಂದೇ ಹಳೆಯದೊಂದನ್ನು ಸೇರಿಸಿ ತಂದು ಪರೀಕ್ಷೆ ಮಾಡಿ, ಪೆಚ್ಚಾಗಿ ಹೋಗುತ್ತಿದ್ದರು.

ಆದರೆ ಅಂಗಡಿಯ ಹೊರಗೆ ಅವನ ಹೆಸರು ಅಷ್ಟೇನೂ ಚೆನ್ನಾಗಿರಲಿಲ್ಲ. ಹಾದಿಯಲ್ಲಿ ಟೋಪಿ ಎತ್ತಿದವರಿಗೆ ತಿರುಗಿ ಟೋಪಿ ಎತ್ತುವವನಲ್ಲ. ಬಂಡಿಯಿಂದ ಕೈ ಬೀಸಿದರೆ ಕಲ್ಲಿನಂತೆ ನಿಂತಿರುವವನು. ಹೊಳೆಯಾಚೆಯ ಕೆಜಾಯ ಮಾಟ್ ಎಂಬ ಮುದುಕಿಗೆ ಬಾಯಿಗೆ ಬೀಗ ಅನ್ನುವುದೇ ಇರಲಿಲ್ಲ. ಅವಳು ಅವನ ಎದುರಿಗೇ ಅಂದುಬಿಡುತ್ತಿದ್ದಳು: "ನಮ್ಮ ಟಲ್ಲಿಸ್ ಮಹಾರಾಯರಿಗೆ ಕತ್ತು ಆಡಿಸೋಕೂ ಕೂಲಿ ಕೊಡ್ಬೇಕು ಅಂತ ಕಾಣುತ್ತೆ!"

ಓರಿನ್ ನಕ್ಕು ಅವಳ ಸಾಮಾನು ಕಟ್ಟಿಕೊಡುತ್ತಿದ್ದ. ನಿಜ ಏನೆಂದರೆ, ಚಾಚಿದ ಕೈಯಾಚೆ ಅವನಿಗೆ ಜಗತ್ತೇ ಇರಲಿಲ್ಲ. ಬರೀ ಮಂಜು. ಮಂಜಿನೊಳಗೆ ಕಪ್ಪಗೆ ಏನಾದರೂ ಅಲುಗಿದರೆ ಅದು ದನವೋ ಪಾದ್ರಿಯೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವನ ಅಪ್ಪನಿಗೂ ಹೀಗೇ ಇತ್ತು. ಕೊನೆಗಾಲದಲ್ಲಿ ಅಪ್ಪನನ್ನು ಊಟದ ಮೇಜಿಗೂ ಕೈ ಹಿಡಿದು ಕರೆದುಕೊಂಡು ಹೋಗಬೇಕಿತ್ತು. ಮನೆತನದ ಕಣ್ಣು, ಒಂದು ದಿನ ಪೂರ್ತಿ ಆರಿಹೋಗುತ್ತದೆ ಎಂದು ಓರಿನ್ ನಂಬಿದ್ದ. ಇದು ಗೊತ್ತಿದ್ದದ್ದು ಅವನ ಹೆಂಡತಿ ಫಿಲೀನಾ ಒಬ್ಬಳಿಗೆ.

"ಕನ್ನಡಕ ಮಾರುವವನಿಗೆ ಕನ್ನಡಕ ಸಿಗಲಿಲ್ಲವೇ?" ಎಂದು ಈಗ ಕೇಳುವುದು ಸುಲಭ. ಆಗ ಕನ್ನಡಕ ಎಂದರೆ ಮುದುಕರ ಸಾಮಾನು. ಹತ್ತಿಯ ಮೇಲೆ ಮಲಗಿಸಿದ ಎರಡು ಡಜನ್ ಕನ್ನಡಕದ ತಟ್ಟೆ ಅವನ ಅಂಗಡಿಗೂ ಬರುತ್ತಿತ್ತು. ಒಂದೊಂದಕ್ಕೂ ಚೀಟಿ ಕಟ್ಟಿ ವಯಸ್ಸು ಬರೆದಿರುತ್ತಿದ್ದರು. ನಲವತ್ತು, ನಲವತ್ತೈದು, ಐವತ್ತು, ಹೀಗೆ. ನಿಮ್ಮ ವಯಸ್ಸು ಹೇಳಿ, ಹಾಕಿಕೊಂಡು, ಪಂಚಾಂಗದ ಸಣ್ಣಕ್ಷರ ಓದಿದರೆ ಮುಗಿಯಿತು. ಹೆಂಗಸರು ಪಂಚಾಂಗದ ಬದಲು ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದರು. ಕೆಜಾಯ ಮುದುಕಿಗೆ ಆಗಲೇ ಅರವತ್ತು ದಾಟಿತ್ತು.

"ಅಜ್ಜಮ್ಮ, ನಿಮಗೆ ಅರವತ್ತರದು ಬೇಕಾಗುತ್ತೆ," ಎಂದಿದ್ದ ಓರಿನ್.

"ಅರವತ್ತಾ? ನಿಂಗೆ ಹೇಳ್ದೋರು ಯಾರೋ? ಸುಮ್ನೆ ನಲವತ್ತೈದರದು ಕೊಡು!"

ತೆಗೆದುಕೊಂಡು ಹೋಗಿ ಆರು ವರ್ಷ ಪ್ರಾರ್ಥನೆಯ ಪುಸ್ತಕವನ್ನು ಮಾರುದೂರ ಹಿಡಿದು, ಅಕ್ಷರ ಅಚ್ಚು ಹಾಕಿದವನನ್ನು ಬೈಯುತ್ತ ಓದಿದಳು. ವಯಸ್ಸು ಒಪ್ಪಿಕೊಳ್ಳಲಿಲ್ಲ.

ಓರಿನ್ ತಾನೂ ಒಮ್ಮೆ ನಲವತ್ತರದನ್ನು ಹಾಕಿಕೊಂಡು ನೋಡಿದ್ದ. ಮಂಜು ಇನ್ನಷ್ಟು ದಟ್ಟವಾಯಿತು. ತನ್ನ ರೋಗಕ್ಕೆ ಇದು ಮದ್ದಲ್ಲ ಎಂದು ತೆಗೆದಿಟ್ಟ. ಅಲ್ಲದೆ ಮುಸ್ಸಂಜೆಯಲ್ಲೂ ಸೂಜಿಗೆ ದಾರ ಪೋಣಿಸಬಲ್ಲವನಿಗೆ ಕನ್ನಡಕ ಏಕೆ? ಇನ್ನೊಮ್ಮೆ ಪೂರ್ವದಿಂದ ಬಂದ ತಟ್ಟೆಯಲ್ಲಿ ಚೀಟಿಯೇ ಇಲ್ಲದ ಒಂದು ಕನ್ನಡಕವಿತ್ತು. ಹಾಕಿಕೊಂಡವರೆಲ್ಲ ಪಂಚಾಂಗ ನೋಡಿ, "ಅಯ್ಯೋ, ಅಕ್ಷರ ಎಲ್ಲ ಇರುವೆ ಆಯ್ತಲ್ಲ!" ಎಂದು ಕಿತ್ತುಕೊಟ್ಟರು. ಓರಿನ್ ಕೂಡ ಅದನ್ನು ಪಂಚಾಂಗದ ಮೇಲೆ ಹಿಡಿದು ನೋಡಿದ. ಹೌದು, ಅಕ್ಷರ ಕುಗ್ಗುತ್ತಿತ್ತು. ಗಾಜು ಕೆಟ್ಟಿದೆ ಎಂದು ತೀರ್ಮಾನ ಮಾಡಿ, ಮುರಿದ ಬೀಗ, ಒಂಟಿ ಗುಂಡಿಗಳ ಡ್ರಾಯರಿಗೆ ಎಸೆದ. ಆ ಹೊತ್ತಿನಲ್ಲಿ ಒಮ್ಮೆ ತಲೆ ಎತ್ತಿದ್ದರೆ! ಎತ್ತಲಿಲ್ಲ. ಕನ್ನಡಕ ಹಾಕಿಕೊಂಡು ದೂರ ನೋಡಬೇಕು ಎಂಬುದು ಆ ಸೀಮೆಯಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಅವರಿಗೆ ಒಬ್ಬಳು ಮಗಳಿದ್ದಳು, ಆಲಿವ್. ಎರಡು ವರ್ಷ ಬದುಕಿದಳು. ಸತ್ತಾಗ ಓರಿನ್ ತನ್ನದೇ ಅಂಗಡಿಯ ಮೇಲಿನ ಹಲಗೆಯಿಂದ ಅತಿ ಚಿಕ್ಕ ಹಿಡಿಕೆ ನಾಲ್ಕನ್ನು ಇಳಿಸಿ ಪೆಟ್ಟಿಗೆಗೆ ಹೊಡೆದ. ಹೊಳೆಯಾಚೆಯ ದಿಬ್ಬಕ್ಕೆ ತಾನೇ ಹೊತ್ತುಕೊಂಡು ಹೋಗಿ ಮಣ್ಣು ಮಾಡಿದ. ಆಮೇಲೆ ಆ ಕಡೆ ಕಾಲಿಡಲಿಲ್ಲ. ಹೊಳೆ ದಾಟುವುದು ತನಗಾಗದು ಎನ್ನುತ್ತಿದ್ದ. ಆಗದಿದ್ದದ್ದು ಹೊಳೆಯಲ್ಲ ಎಂದು ಫಿಲೀನಾಗೆ ಗೊತ್ತಿತ್ತು, ಅವಳು ಕೇಳಲಿಲ್ಲ. ಎಂಟು ವರ್ಷ ಇಬ್ಬರೂ ಆ ಹೆಸರನ್ನು ಬಾಯಲ್ಲಿ ತರಲಿಲ್ಲ. ಅವಳು ಭಾನುವಾರ ಕಾಡುಸೊಪ್ಪು ತರುತ್ತೇನೆಂದು ಹೇಳಿ ಹೊಳೆಯಾಚೆ ಹೋಗುತ್ತಿದ್ದಳು. ದಿನಾ ಮಧ್ಯಾಹ್ನ ಗಿರಾಕಿ ತೆಳುವಾದಾಗ ಬಾಗಿಲಲ್ಲಿ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಗಾಳಿಗೆ ನಿಂತಿದ್ದಾಳೆ ಎಂದುಕೊಂಡು ಓರಿನ್ ತನ್ನ ಪಾಡಿಗೆ ತಾನು ಬೀನ್ಸ್ ಅಳೆಯುತ್ತಿದ್ದ.

ಒಂದು ಅಕ್ಟೋಬರಿನಲ್ಲಿ ಪಶ್ಚಿಮದಿಂದ ಹುಲ್ಲಿಗೆ ಬೆಂಕಿ ಬಿದ್ದು ಬಂತು. ಓರಿನ್ ಜಗಲಿಯ ಮೇಲೆ ಅದಕ್ಕೇ ಮುಖ ಮಾಡಿ ನಿಂತಿದ್ದ, ಮೋಡ ಕವಿದಿದೆ ಎಂದುಕೊಂಡಿದ್ದ. ಫಿಲೀನಾ ಕಿರುಚಿಕೊಂಡು ಓಡಿಬಂದು, ಅಕ್ಕಪಕ್ಕದವರನ್ನು ಕೂಗಿ, ಒದ್ದೆ ಗೋಣಿಯಲ್ಲಿ ಬಡಿದು ಬೆಂಕಿ ತಡೆದಾಗ ಅದು ಮದ್ದಿನ ಕೊಠಡಿಗೆ ನಲವತ್ತು ಹೆಜ್ಜೆ ದೂರದಲ್ಲಿತ್ತು. ಬಂದೂಕಿನ ಮದ್ದು ಐದು ಪೀಪಾಯಿ ಇದ್ದ ಕೊಠಡಿ! ಅಂದು ಓರಿನ್ ಕೂತವನು ಏಳಲಿಲ್ಲ. ಔಷಧಿಯ ಸೀಸೆ ಮಾರುತ್ತ ಬಂದಿದ್ದ ಒಬ್ಬ ಡಾಕ್ಟರು ಅವನ ರೆಪ್ಪೆ ಎತ್ತಿ ನೋಡಿ, ಎರಡು ವರ್ಷದಲ್ಲಿ ಪೂರ್ತಿ ಕತ್ತಲೆ ಎಂದಿದ್ದ. ಅದೂ ಸೇರಿತು. ಅಂಗಡಿ ಕೊಟ್ಟುಬಿಡುವುದು, ಓಹಾಯೋದಲ್ಲಿರುವ ಫಿಲೀನಾಳ ತಮ್ಮನ ಮನೆಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂರುವುದು ಎಂದು ನಿಶ್ಚಯವಾಯಿತು. ಫಿಲೀನಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಂಗಡಿ ಬಿಟ್ಟರೆ ಓರಿನ್ ಅನ್ನುವವನು ಉಳಿಯುತ್ತಾನೆಯೇ ಎಂಬ ದಿಗಿಲು ಅವಳಿಗಿತ್ತು. ದಿಬ್ಬವನ್ನು ಬಿಟ್ಟುಹೋಗುವ ಸಂಕಟ ಬೇರೆ.

ಮುಂದಿನ ಮೇ ತಿಂಗಳಲ್ಲಿ ಕೊಳ್ಳುವವನು ಬಂದ. ಲೆಮ್ಯುಯೆಲ್ ಹಾಸ್ಕೆಟ್, ಐವತ್ತರ ಗಿಡ್ಡ ಮನುಷ್ಯ, ಮೂಗಿನ ಮೇಲೆ ಸದಾ ಕನ್ನಡಕ. ಅಂಗಡಿ ಹುಡುಕುತ್ತ ನಾಲ್ಕು ತಿಂಗಳು ಅಲೆದಿದ್ದವನು. ಮೊದಲು ಸಾಮಾನೆಲ್ಲ ಎಣಿಸುವುದು, ಎಣಿಕೆ ಮುಗಿದ ಮೇಲೆ ಕೈಗೆ ಕೈ ಕೊಡುವುದು ಎಂದು ಮಾತಾಯಿತು. ಕೈ ಕೊಟ್ಟರೆ ಅಲ್ಲಿಗೆ ಮುಗಿಯಿತು. ಆ ಸೀಮೆಯಲ್ಲಿ ಕೊಟ್ಟ ಕೈಯನ್ನು ಯಾರೂ ಹಿಂದಕ್ಕೆ ತೆಗೆದುಕೊಂಡವರಿಲ್ಲ.

ಹಾಸ್ಕೆಟ್ ಸ್ಲೇಟು ಸೀಮೆಸುಣ್ಣ ಹಿಡಿದು ನಿಂತ. ಫಿಲೀನಾ ಏಣಿ ಹತ್ತಿದಳು. ಓರಿನ್ ಒಂದು ತುದಿಯಿಂದ ಕೈಯಾಡಿಸುತ್ತ ಹೊರಟ.

"ಚೀಟಿಬಟ್ಟೆ, ನೀಲಿ, ಹದಿಮೂರು ಗಜ ಉಳ್ದಿದೆ. ಕೆಂಪು, ಎಂಟು. ಇದು ಫ್ಲಾನೆಲ್, ಒಳಮಡಿಕೇಲಿ ಒಂದು ಕಡೆ ನುಸಿ ತಿಂದಿದೆ, ಬರ್ಕೊಳ್ಳಿ. ಕೊಡಲಿ ಕಾವು ಒಂಬತ್ತು, ಅದ್ರಲ್ಲಿ ಒಂದಕ್ಕೆ ಗಂಟಿದೆ, ನಂಬೋ ಹಾಗಿಲ್ಲ."

ಹಾಸ್ಕೆಟ್ ಸುರುಳಿ ಬಿಚ್ಚಿ ಅಳೆದ. ಹದಿಮೂರು ಗಜ. ಫ್ಲಾನೆಲ್ಲಿನ ಮಡಿಕೆ ಬಿಡಿಸಿದ. ನುಸಿ ತಿಂದ ತೂತು. ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

"ಅಲ್ಲಾ ಸ್ವಾಮಿ, ಇದನ್ನ ನೀವು ನೋಡೇ ಇಲ್ಲವಲ್ಲ!"

"ನೋಡೋದೇನಿದೆ? ಹದಿನಾಲ್ಕು ವರ್ಷದಿಂದ ಮುಟ್ತಾ ಇದೀನಿ."

"ನಾನು ಮೂವತ್ತು ವರ್ಷ ಬಟ್ಟೆ ಮಾರಿದೀನಿ," ಎಂದ ಹಾಸ್ಕೆಟ್ ಮೆಲ್ಲಗೆ, "ಇಂಥ ಕೈ ನೋಡ್ಲಿಲ್ಲ. ಈ ಅಂಗಡೀನ ನಿಮ್ಮಿಂದ ತಗೊಳೋಕೆ ನಂಗೇ ಒಂಥರಾ ಆಗ್ತಾ ಇದೆ."

ಮಧ್ಯಾಹ್ನದ ಹೊತ್ತಿಗೆ ಪಿಂಗಾಣಿಯ ಸರದಿ ಬಂತು. ಬೆಳ್ಳನೆಯ ದಪ್ಪ ಪಿಂಗಾಣಿಯ ಹನ್ನೆರಡು ಸಾಮಾನಿನ ಸೆಟ್ಟು, ಅಂಗಡಿಯಲ್ಲೇ ಚೆಂದದ್ದು. ಓರಿನ್ ಒಂದೊಂದನ್ನೇ ಸವರಿ ಹೇಳಿದ: "ಹನ್ನೊಂದು. ದೊಡ್ಡ ತಟ್ಟೆ ಇಲ್ಲ. ಅದನ್ನ ಸಾಮಾನು ತರೋ ಬಂಡಿಯ ಜೂಬಲ್ ಹೊಡ್ಕೊಂಡು ಹೋದ. ಎಂಟು ವರ್ಷ ಆಯ್ತು. ಅವ್ನ ಜೊತೆ ಇವತ್ತಿಗೂ ನಾನು ಮಾತಾಡಲ್ಲ."

"ಪಾಪ, ಅವ್ನೇ ಅಂತ ಹೇಗೆ ಹೇಳ್ತೀರಿ, ಮಿಸ್ಟರ್ ಟಲ್ಲಿಸ್," ಎಂದಳು ಫಿಲೀನಾ ಏಣಿಯ ಮೇಲಿಂದ.

"ಮತ್ತೆ ಕಾಲು ಬಂದು ನಡ್ಕೊಂಡು ಹೋಯ್ತಾ?"

ಅವಳು ಇಳಿದುಬಂದು ಸೆರಗಿನಂತೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ಹೋದಳು. ಅವಳು ದಿನಾ ಹೋಗಿ ನಿಲ್ಲುವ ಹೊತ್ತೂ ಅದೇ ಆಗಿತ್ತು. ಅಷ್ಟರಲ್ಲಿ ಕೆಜಾಯ ಮುದುಕಿ ದಾರದುಂಡೆಗೆಂದು ಒಳಗೆ ಬಂದು, ನಡೆಯುತ್ತಿದ್ದ ಎಣಿಕೆಯನ್ನು ನೋಡಿ ಬಿಸ್ಕತ್ತಿನ ಪೀಪಾಯಿಯ ಪಕ್ಕ ಕೂತಳು. ಇನ್ನು ಏಳುವವಳಲ್ಲ.

ಕೊನೆಗೆ ಡ್ರಾಯರು. ಓರಿನ್ ಅದನ್ನು ಎಳೆದು ಹಲಗೆಯ ಮೇಲೆ ಬೋರಲು ಹಾಕಿದ. "ಇದೆಲ್ಲ ಕಸ. ಎಣಿಸ್ಬೇಡಿ. ಬೀಗ, ಗುಂಡಿ, ಒಂದು ಕೆಟ್ಟ ಕನ್ನಡಕ."

"ಅಯ್ಯೋ, ಅದು ಇರುವೆ ಕನ್ನಡಕ!" ಎಂದಳು ಕೆಜಾಯ. "ನಾನೂ ಹಾಕ್ಕೊಂಡು ನೋಡಿದ್ದೆ. ಬೈಬಲ್ಲೇ ಮಾಯ ಆಗೋಯ್ತು."

ಹಾಸ್ಕೆಟ್ ಅದನ್ನೆತ್ತಿ ಅಂಗಿಯ ತೋಳಿನಿಂದ ಒರೆಸಿ ಬೆಳಕಿಗೆ ಹಿಡಿದ. ಹಿಡಿದವನ ಮುಖ ಬದಲಾಯಿತು. ಗಾಜನ್ನು ನೋಡಿದ, ಓರಿನ್ನನನ್ನು ನೋಡಿದ. ಬೆಳಗಿನಿಂದ ಎಲ್ಲವನ್ನೂ ಮೂಗಿನ ಹತ್ತಿರ ತಂದುಕೊಳ್ಳುವ ಆ ತಲೆ, ಎದುರಿಗಿದ್ದವರ ಮುಖ ಬಿಟ್ಟು ದನಿಯ ಕಡೆಗೆ ತಿರುಗುವ ಆ ಕತ್ತು. ಹಾಸ್ಕೆಟ್‌ಗೆ ಎಲ್ಲ ಗೊತ್ತಾಗಿಹೋಯಿತು. ತನ್ನ ಮೂಗಿನ ಮೇಲಿದ್ದದ್ದೂ ಅದೇ ಜಾತಿಯ ಗಾಜು. ಈಗ ಬಾಯಿ ಮುಚ್ಚಿಕೊಂಡು ಡ್ರಾಯರಿಗೆ ಹಾಕಿದರೆ ಇನ್ನೊಂದು ಗಳಿಗೆಯಲ್ಲಿ ಅಂಗಡಿ ಅವನದು. ನಾಲ್ಕು ತಿಂಗಳ ಅಲೆದಾಟ ಮುಗಿಯುತ್ತಿತ್ತು. ಅವನು ಎಷ್ಟು ಹೊತ್ತು ಹಾಗೆ ನಿಂತಿದ್ದನೆಂದರೆ ಕೆಜಾಯ ಅಗಿಯುತ್ತಿದ್ದ ಬಿಸ್ಕತ್ತನ್ನು ಅಗಿಯುವುದನ್ನೇ ನಿಲ್ಲಿಸಿದಳು. ಮನುಷ್ಯ ದೊಡ್ಡವನಾಗುವುದಾದರೆ ಇಂಥ ಹೊತ್ತಿನಲ್ಲೇ ಆಗಬೇಕು. ಹಾಸ್ಕೆಟ್ ಆದ, ಅವನ ಹೊಟ್ಟೆ ತಣ್ಣಗಿರಲಿ.

"ಮಿಸ್ಟರ್ ಟಲ್ಲಿಸ್, ಇದು ಕೆಟ್ಟಿಲ್ಲ. ಹಾಕ್ಕೊಳ್ಳಿ. ಆದ್ರೆ ಪುಸ್ತಕ ನೋಡ್ಬೇಡಿ. ತಲೆ ಎತ್ತಿ ಆ ಕಡೆ ಗೋಡೆ ನೋಡಿ."

"ಗೋಡೆಯಲ್ಲಿ ಓದೋಕೆ ಏನಿದೆ?"

"ಹಾಕ್ಕೊಳ್ಳಿ ಅಂದ್ನಲ್ಲ!"

ಓರಿನ್ ಹಾಕಿಕೊಂಡ. ತಲೆ ಎತ್ತಿದ. ಎತ್ತಿದವನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಗೋಡೆ ಮೈಮೇಲೆ ಬಂದಂತಾಗಿತ್ತು. ಹದಿನಾಲ್ಕು ವರ್ಷ ತಾನೇ ಜೋಡಿಸಿದ ಸಾಮಾನು, ಒಂದೂ ಬಿಡದೆ, ಒಂದೇ ಸಲ ಎದುರು ನಿಂತಿತ್ತು. ಸೀಸೆಗಳ ಮೇಲೆ ಹೆಸರು. ಚೀಟಿಬಟ್ಟೆಯ ಮೇಲೆ ಹೂವು, ಹೂವಿನೊಳಗೆ ಹಳದಿ ಚುಕ್ಕೆ. ತೊಲೆಗೆ ಕಟ್ಟಿದ ಬೂಟಿನ ಲಾಡಿ. ಎಡಗಣ್ಣಿಗೆ ಸ್ವಲ್ಪ ಮಬ್ಬು ಉಳಿದಿತ್ತು, ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

"ದೇವರೇ," ಎಂದ. "ಇಷ್ಟೊಂದು ಇದೆಯಾ ನನ್ನ ಅಂಗಡೀಲಿ?"

ಮೆಲ್ಲಗೆ ತಲೆ ತಿರುಗಿಸಿದ. "ಅಜ್ಜಮ್ಮ, ನಿಮಗೆ ಇಷ್ಟೊಂದು ಸುಕ್ಕು ಯಾವಾಗ ಬಂತು?"

"ನಿನ್ನ ಬಾಯಿಗೆ ಬೂದಿ ಬೀಳ!" ಎಂದಳು ಕೆಜಾಯ. ಅಂದವಳಿಗೆ ಅರ್ಥವಾಯಿತು. ಹದಿನಾಲ್ಕು ವರ್ಷ ಅಂದು ಆಡಿಕೊಂಡದ್ದೆಲ್ಲ ಒಟ್ಟಿಗೆ ನೆನಪಾಗಿ ಬಾಯಿಗೆ ಏಪ್ರನ್ ಅಡ್ಡ ಹಿಡಿದಳು. "ಅಯ್ಯೋ ಮಗನೇ, ನಿಂಗೆ ಕಾಣ್ತಾನೇ ಇರ್ಲಿಲ್ವೇನೋ!"

ಓರಿನ್‌ಗೆ ಅದು ಕೇಳಿಸಲಿಲ್ಲ. ಬಾಗಿಲಲ್ಲಿ ಫಿಲೀನಾ ನಿಂತಿದ್ದಳು, ಹದಿನೈದು ಹೆಜ್ಜೆ ಆಚೆ. ಅವಳ ಮುಖವನ್ನು ಅವನು ಕಂಡಿದ್ದೆಲ್ಲ ದಿಂಬಿನಷ್ಟು ಹತ್ತಿರದಿಂದ. ಇಷ್ಟು ದೂರದಿಂದ, ಇಡೀ ಆಳಾಗಿ, ನಿಂತ ಭಂಗಿಯ ಸಮೇತ ಎಂದೂ ಕಂಡಿರಲಿಲ್ಲ. ಅವಳು ಇಷ್ಟು ಗಿಡ್ಡಗೆ, ಇಷ್ಟು ನೆಟ್ಟಗೆ ಇದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೊರಗೆ ನೋಡುತ್ತಿದ್ದಳು. ಗಾಳಿಗೆ ನಿಂತವರು ಹಾಗೆ ನೋಡುವುದಿಲ್ಲ ಎಂದು ಮೊದಲ ಸಲ ಅವನಿಗೆ ತಿಳಿಯಿತು.

ಅವನು ಹೋಗಿ ಅವಳ ಪಕ್ಕ ಜಗಲಿಯಲ್ಲಿ ನಿಂತ. ಹೊರಗೆ ಎಲ್ಲವೂ ಇತ್ತು. ಹುಲ್ಲು ಎಂದರೆ ಹಸಿರು ಮಂಜಲ್ಲ, ಎಳೆ ಎಳೆ. ಗಾಳಿ ಅದರ ಮೇಲೆ ಓಡುವುದು ಕಾಣುತ್ತಿತ್ತು. ಗಾಳಿಯೂ ಕಾಣುವ ವಸ್ತು ಎಂದು ಅವನಿಗೆ ಯಾರು ಹೇಳಿದ್ದರು? ಹೊಳೆಯ ದಡದ ಮರಗಳಿಗೆ ಬೇರೆ ಬೇರೆ ಎಲೆಗಳಿದ್ದವು. ತೀರ ಎತ್ತರದಲ್ಲಿ ಒಂದು ಗಿಡುಗ ರೆಕ್ಕೆ ಬಡಿಯದೆ ತೇಲುತ್ತಿತ್ತು. ಅಲ್ಲಿಂದಾಚೆಗೂ ಆಕಾಶ ಮುಗಿದಿರಲಿಲ್ಲ. ಓರಿನ್‌ನ ಕಣ್ಣಲ್ಲಿ ನೀರು ತುಂಬಿ ಎಲ್ಲ ಮತ್ತೆ ಮಂಜಾಯಿತು. ಅವನು ಗಾಬರಿಯಿಂದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಎಲ್ಲ ಇದ್ದಲ್ಲೇ ಇತ್ತು.

"ಫಿಲೀನಾ, ಆ ದಿಬ್ಬದ ಮೇಲೆ ಬೆಳ್ಳಗೆ ಹೊಳೀತಾ ಇರೋದು ಏನು?"

ಕಾಲು ಮೈಲಿ ಆಚೆ, ಒಂದು ಕಂಬದ ತುದಿಯಲ್ಲಿ, ಮಧ್ಯಾಹ್ನದ ಬಿಸಿಲನ್ನು ನೇರ ಅಂಗಡಿಯ ಬಾಗಿಲಿಗೆ ಎಸೆಯುತ್ತ ಅದು ಹೊಳೆಯುತ್ತಿತ್ತು. ಉದ್ದುದ್ದ, ಮೊಟ್ಟೆಯಾಕಾರ. ಅವನ ಬೆರಳುಗಳಿಗೆ ಅದರ ಅಂಚಿನ ಬಳುಕು ಕೂಡ ನೆನಪಿತ್ತು.

"ನನ್ನ ದೊಡ್ಡ ತಟ್ಟೆ," ಎಂದ ಓರಿನ್.

"ಹೂಂ." ಜನರ ಮುಂದೆ ಮಿಸ್ಟರ್ ಟಲ್ಲಿಸ್ ಎಂದೇ ಕರೆಯುವವಳು ಅದನ್ನು ಮರೆತಳು. "ನಾನೇ ತಗೊಂಡೆ, ಓರಿನ್. ಎಲ್ರೂ ಗೋರಿ ಮೇಲೆ ಒಡಕು ಪಿಂಗಾಣಿ ಇಡ್ತಾರೆ, ನಮ್ಮ ಮಗೂಗೆ ಒಡಕು ಸಾಮಾನು ಇಡೋಕೆ ಮನಸ್ಸು ಬರ್ಲಿಲ್ಲ. ತಂತಿ ಸುತ್ತಿ ಕಂಬಕ್ಕೆ ಕಟ್ದೆ. ಇಲ್ಲಿ ನಿಂತ್ರೆ ಕಾಣ್ಲಿ ಅಂತ. ದಿನಾ ನೋಡ್ತೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಅಲ್ನೋಡು ಅಂತ ನಿಂಗೆ ಹೇಗೆ ಹೇಳ್ಲಿ ಹೇಳು."

ಓರಿನ್ ಜಗಲಿಯ ಕಂಬವನ್ನು ಹಿಡಿದುಕೊಂಡ. ಎಂಟು ವರ್ಷ ಮಗಳು ತನ್ನ ಬಾಗಿಲಿಗೇ ಬೆಳಕು ಬಿಡುತ್ತಿದ್ದಳು. ತಾನು ಅದಕ್ಕೆ ಬೆನ್ನು ಮಾಡಿ ಬೀನ್ಸ್ ಅಳೆಯುತ್ತಿದ್ದ. ಇದನ್ನು ಬಿಟ್ಟು ಓಹಾಯೋಗೆ ಹೊರಟಿದ್ದ, ಫಿಲೀನಾ ಮಾತಿಲ್ಲದೆ ಬರಲು ಸಿದ್ಧಳಾಗಿದ್ದಳು.

ಹಿಂದೆ ಹಾಸ್ಕೆಟ್ ಕೆಮ್ಮಿದ. ಅವನು ಸ್ಲೇಟಿನ ಮೇಲೆ ಬರೆದದ್ದನ್ನೆಲ್ಲ ತೋಳಿನಿಂದ ಒರೆಸಿಹಾಕಿದ್ದ. "ನಂಗೂ ಚಿಕ್ಕಂದಿನಿಂದ ಇದೇ ಕಣ್ಣು, ಇದು ಆರಿಹೋಗೋದಲ್ಲ. ಎಣಿಕೆ ಮುಗ್ದಿಲ್ಲ, ಕೈ ಕೊಟ್ಟಿಲ್ಲ. ನಾನು ಇನ್ನೊಂದು ಅಂಗಡಿ ನೋಡ್ಕೋತೀನಿ ಬಿಡಿ."

"ಹಾಸ್ಕೆಟ್ ಅವರೇ," ಎಂದ ಓರಿನ್, ದಿಬ್ಬದಿಂದ ಕಣ್ಣು ಕೀಳದೆ, "ಪಿಂಗಾಣಿ ಹನ್ನೊಂದು ಅಂದಿದ್ದೆ. ತಪ್ಪು. ಹನ್ನೆರಡೂ ಇದೆ. ಆ ಜೂಬಲ್‌ನ ಕಾಲಿಗೆ ಬೀಳ್ಬೇಕು ನಾನು."

"ಬಿದ್ದೇಳು, ಆಮೇಲೆ ಬಿದ್ದೇಳು," ಎಂದಳು ಕೆಜಾಯ ಮೂಗು ಒರೆಸಿಕೊಳ್ಳುತ್ತ. "ಈಗ ಇಬ್ರೂ ಹೋಗ್ಬನ್ನಿ. ಅಂಗಡಿ ನಾನು ನೋಡ್ಕೋತೀನಿ. ಏ ಕನ್ನಡಕದಪ್ಪ, ಆ ತಟ್ಟೇಲಿ ಅರವತ್ತರದು ಇದ್ರೆ ಕೊಡಪ್ಪ ಇತ್ಲಾಗೆ."

ಆ ಮೇಲೆ ಪ್ಲಮ್ ಫೋರ್ಡಿನಲ್ಲಿ ಕನ್ನಡಕಕ್ಕೆ ಬಂದವರು ಯಾರೇ ಇರಲಿ, ವಯಸ್ಸು ಹೇಳುವ ಮೊದಲು ಓರಿನ್ ಅವರನ್ನು ಜಗಲಿಗೆ ಕರೆತಂದು, ದಿಬ್ಬದ ಮೇಲೆ ಏನು ಕಾಣುತ್ತದೆ ಎಂದು ಕೇಳುತ್ತಿದ್ದ. ಮೂರು ಜನಕ್ಕೆ ಏನೂ ಕಾಣಲಿಲ್ಲ. ಆ ಮೂವರಿಗೂ ಅವನು ಪೂರ್ವದಿಂದ ಚೀಟಿಯಿಲ್ಲದ ಗಾಜು ತರಿಸಿಕೊಟ್ಟ.

ಆ ದಿನ ಅವರಿಬ್ಬರೂ ಹೊಳೆಗೆ ಇಳಿದರು. ನೀರು ಮೊಣಕಾಲಷ್ಟೂ ಇರಲಿಲ್ಲ. ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಓರಿನ್‌ಗೆ ಯಾರ ಕೈಯೂ ಬೇಕಿರಲಿಲ್ಲ. ಆದರೆ ಎದುರು ದಡದ ಏರಿನಲ್ಲಿ ಫಿಲೀನಾಗೆ ಕಣ್ಣೀರಲ್ಲಿ ದಾರಿ ಕಾಣಲಿಲ್ಲ. ಅವನು ಅವಳ ಕೈ ಹಿಡಿದು, ಬೆಳ್ಳಗೆ ಹೊಳೆಯುವುದನ್ನೇ ನೋಡುತ್ತ, ಮುಂದೆ ಮುಂದೆ ನಡೆದ.